ಬೆಚ್ಚಗಿಡುವವರ ನಡುವೆ

ಸರ್ರ್ ಎಂದು ಜಿಪ್ ಎಳೆದ ಸದ್ದು. ನಡುವೆ ಎಲ್ಲೋ ಮುಗ್ಗರಿಸಿ, ಒಂದಿಷ್ಟು ಹೆಣಗಿ, ಮತ್ತೆ ಸರ್ರ್.

ಟೆಂಟಿನ ಹೊರಗೆ ಒದ್ದೆ ಸೌದೆಯ ಮುಂದೆ ಕೂತಿದ್ದ ಪ್ರತಿಮಾ ತಿರುಗಿ ನೋಡಲಿಲ್ಲ. ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಸಣ್ಣ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಅರ್ಧ ಆಯುಸ್ಸು ಕಳೆದವಳಿಗೆ, ಜಿಪ್ ಹಲ್ಲಿನ ಮೇಲೆ ಓಡುತ್ತಿದೆಯೋ ಬಟ್ಟೆಯನ್ನು ಕಚ್ಚಿಕೊಂಡು ಓಡುತ್ತಿದೆಯೋ ಎಂಬುದು ಕಿವಿಗೇ ತಿಳಿಯುತ್ತಿತ್ತು.

"ಅತ್ತೆ, ಕಿಟಕಿ ಮುಚ್ಬೇಡಿ ಅಂದ್ನಲ್ಲ."

"ಮುಚ್ಲಿಲ್ಲ ಮಾರಾಯ್ತಿ. ಗಾಳಿ ಬರ್ತಿತ್ತು, ಒಂಚೂರು ಎಳ್ದೆ ಅಷ್ಟೆ."

"ಗಾಳಿ ಬರ್ಲಿ ಅಂತ್ಲೇ ಅಲ್ವಾ ಅದನ್ನ ಇಟ್ಟಿರೋದು?"

"ಮಲಗೋ ಜಾಗಕ್ಕೆ ಯಾರಾದ್ರೂ ತಲೆ ಹತ್ರ ಕಿಟಕಿ ಇಡ್ತಾರಾ? ತಲೆ ಇಲ್ದೋರು ಹೊಲ್ದದ್ದು ಇದನ್ನ" ಎಂದಿತು ಒಳಗಿನ ದನಿ. ಆಮೇಲೆ ಎರಡನೆಯ ಕಿಟಕಿಯ ಸರ್ರ್.

ಒಳಗೆ ತುಂಗಾ ಕೂತಿದ್ದಳು. ಪ್ರತಿಮಾಳ ಮಗಳು, ಏಳನೆಯ ಕ್ಲಾಸು. ಮೈಮೇಲೆ ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಅಪ್ಪನ ಜರ್ಕಿನ್ನು, ತಲೆಗೆ ಮಂಕಿ ಕ್ಯಾಪು, ಕ್ಯಾಪಿನೊಳಗೆ ಕಿವಿಗೆ ಹತ್ತಿ. ಕಾಣುತ್ತಿದ್ದದ್ದು ಎರಡು ಕಣ್ಣು ಮತ್ತು ಬೆವರು ಕೂತ ಒಂದು ಮೂಗು.

"ಅಮ್ಮಾ, ಸೆಕೆ."

"ಸುಮ್ನಿರು ಕೂಸೆ. ಸೆಕೆ ಆದ್ರೆ ಒಳ್ಳೇದೇ. ಚಳಿ ಆಗ್ಬಾರ್ದು" ಎಂದರು ಅಜ್ಜಿ.

ಈ ಒಂದು ರಾತ್ರಿಯ ಮೇಲೆ ಆ ಹುಡುಗಿಯ ಐದು ದಿನ ನಿಂತಿದ್ದವು. ಶಾಲೆಯ ಗೈಡ್ಸ್ ತಂಡದಿಂದ ಐದು ದಿನದ ಜಿಲ್ಲಾ ಶಿಬಿರಕ್ಕೆ ಅವಳ ಹೆಸರು ಬಂದಿತ್ತು. ಟೆಂಟಿನಲ್ಲಿ ಮಲಗುವುದು, ಹೊರಗೆ ಅಡುಗೆ, ಬೆಳಕು ಹರಿಯುವ ಮೊದಲೇ ಎದ್ದು ನಡಿಗೆ. ತುಂಗಾಳಿಗೆ ಸಣ್ಣಂದಿನಿಂದ ದಮ್ಮು. ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳಲಾಗದ ನೆಂಟ. ಶಿವಮೊಗ್ಗದ ಡಾಕ್ಟರು ಇನ್ಹೇಲರ್ ಬರೆದುಕೊಟ್ಟು, "ಜೇಬಲ್ಲಿ ಇದ್ರೆ ಎಲ್ಲಿಗೆ ಬೇಕಾದ್ರೂ ಹೋಗ್ಲಿ. ಧೂಳು, ಹೊಗೆಯಿಂದ ದೂರ ಇಡಿ" ಎಂದಿದ್ದರು. ಪ್ರತಿಮಾ ಆ ಮಾತನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದಿದ್ದಳು. ಅತ್ತೆ ರಂಗಮ್ಮ ಅದನ್ನು ಒಂದೇ ಕೈಯಲ್ಲಿ ತಳ್ಳಿದ್ದರು.

"ನಾನಿರೋ ತನಕ ಈ ಕೂಸು ಟೆಂಟಲ್ಲಿ ಮಲಗಲ್ಲ."

ಗಂಡ ನಾಗೇಂದ್ರ ಯಾರಿಗೂ ಇಲ್ಲ ಎನ್ನದ ಮನುಷ್ಯ. ಹೆಂಡತಿಗೆ ಹೂಂ, ಅಮ್ಮನಿಗೂ ಹೂಂ. ಎರಡು ಹೂಂಗಳ ನಡುವೆ ಸಿಕ್ಕಿಕೊಂಡವನು ಕೊನೆಗೊಂದು ಪಂದ್ಯ ಕಟ್ಟಿದ. "ಒಂದು ರಾತ್ರಿ ನಾವೇ ಎಲ್ಲ ಟೆಂಟ್ ಹಾಕಿ ಮಲ್ಗೋಣ. ದಮ್ಮು ಬರ್ಲಿಲ್ಲ ಅಂದ್ರೆ ಹೋಗ್ಲಿ. ಬಂತು ಅಂದ್ರೆ ಇಲ್ಲ. ಮಾತು ಅಂದ್ರೆ ಮಾತು." ಗೈಡ್ಸ್ ನೋಡಿಕೊಳ್ಳುವ ಶರಾವತಿ ಟೀಚರು ಭಾನುವಾರ ಮಧ್ಯಾಹ್ನದೊಳಗೆ ಹೇಳಿ ಎಂದಿದ್ದರು; ತುಂಗಾ ಬರದಿದ್ದರೆ ಆ ಜಾಗಕ್ಕೆ ಬೇರೆ ಹುಡುಗಿ ಕಾಯುತ್ತಿದ್ದಳು. ಹಾಗಾಗಿ ಈ ಶನಿವಾರ. ಹೊಸನಗರದ ಆಚೆ, ಶರಾವತಿ ಹಿನ್ನೀರಿನ ಪಕ್ಕ, ನಾಗೇಂದ್ರನ ಸ್ನೇಹಿತ ಹೇರಂಬನ ಹುಲ್ಲುಗಾವಲು.

ಪ್ರತಿಮಾಳಿಗೆ ಈ ಪಂದ್ಯಕ್ಕೆ ಒಪ್ಪಿದ್ದೇ ತಪ್ಪಾಯಿತೇನೋ ಎಂದು ಈಗ ಅನ್ನಿಸುತ್ತಿತ್ತು. ಒಪ್ಪುವಾಗ ಅವಳಿಗೆ ಕಂಡದ್ದು ಅದೊಂದೇ ದಾರಿ.

ದಾರಿಯ ವಿಷಯದಲ್ಲಿ ಅವಳ ಬದುಕು ಮೊದಲಿನಿಂದಲೂ ಹಾಗೆಯೇ. ತವರು ತುಮರಿ ಕಡೆ, ನೀರಿನ ಆಚೆ. ಸೇತುವೆ ಇಲ್ಲದೆ ಲಾಂಚಿನಲ್ಲೇ ನೀರು ದಾಟಬೇಕಿದ್ದ ಕಾಲದಲ್ಲಿ ಅಲ್ಲಿ ಹುಟ್ಟಿದವರಿಗೆ ಎಲ್ಲ ಬೇಡಗಳಿಗೂ ಒಂದೇ ಕಾರಣ ಸಾಕಿತ್ತು. ಸಾಗರದಲ್ಲಿ ಖೋ ಖೋ ಪಂದ್ಯವಿದೆ, ಹೋಗಲಾ? ವಾಪಸ್ ಬರೋಕೆ ಲಾಂಚ್ ಸಿಗಲ್ಲ. ಗೆಳತಿಯ ಮದುವೆಗೆ ಹಿಂದಿನ ದಿನವೇ ಹೋಗಲಾ? ಲಾಂಚ್ ಸಿಗಲ್ಲ. ಕಾಲೇಜು? ಲಾಂಚ್. ಯಾರೂ ಅವಳನ್ನು ಗದರಿಸಿ ತಡೆದವರಿಲ್ಲ. ಪ್ರೀತಿಯಿಂದಲೇ, ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಮುಂದಿನ ವರ್ಷವೂ ನೀರು ಅಲ್ಲೇ ಇರುತ್ತಿತ್ತು. ಮದುವೆಯಾಗಿ ನೀರು ದಾಟಿ ಬಂದ ಮೇಲೆ, ಹೆರಿಗೆಗೆ ತವರಿಗೆ ಕಳಿಸಲು ಎಲ್ಲರೂ ಹೆದರಿದರು. ರಾತ್ರಿ ನೋವು ಬಂದರೆ ಲಾಂಚ್ ಎಲ್ಲಿ? ಹಾಗೆ ಅವಳ ಬಾಣಂತನ ಅತ್ತೆಯ ಕೈಯಲ್ಲಿ ಆಯಿತು.

ಆ ಕೈ ಸಾಮಾನ್ಯ ಕೈಯಲ್ಲ. ರಿಪ್ಪನ್‌ಪೇಟೆಯ ಸುತ್ತಿನ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೀರು ಹಾಕಲು, ಕೂಸಿಗೆ ಎಣ್ಣೆ ತಿಕ್ಕಲು ರಂಗಮ್ಮನೇ ಬರಬೇಕಿತ್ತು. ಅವರು ಒಂದು ಕೋಣೆಯನ್ನು ಬಾಣಂತಿ ಕೋಣೆ ಮಾಡುವ ರೀತಿಯೇ ಬೇರೆ. ಕಿಟಕಿಯ ಸಂದಿಗೆ ಚಿಂದಿ ತುರುಕಬೇಕು. ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು ಕೆಂಡ ಹಾಕಬೇಕು. ಕೆಂಡದ ಮೇಲೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ. ಆ ಹೊಗೆಯಲ್ಲಿ ಕೂಸನ್ನು ಬೋರಲು ಹಿಡಿದು ಆಡಿಸಬೇಕು. ಹಾಗೆ ಬೆಚ್ಚಗಾದ ಕೂಸುಗಳೆಲ್ಲ ಈಗ ಬೈಕು ಓಡಿಸುತ್ತ ಅವರ ಮುಂದೆಯೇ ಹೋಗುತ್ತವೆ. ಪ್ರತಿಮಾ ಆ ಕೋಣೆಯಲ್ಲಿ ಉಸಿರು ಕಟ್ಟಿ ಮಲಗಿದ್ದಳು. ಬಾಗಿಲು ಸ್ವಲ್ಪ ತೆಗೀತೀರಾ ಎಂದು ಕೇಳಬೇಕು ಎಂದುಕೊಂಡೇ ಮೂರು ತಿಂಗಳು ಕಳೆದಿದ್ದಳು.

ಬೆಳಗ್ಗೆ ಹೊರಟಾಗ ಹವೆ ಹೀಗಿರಲಿಲ್ಲ. ಶಿವರಾತ್ರಿ ಕಳೆದು ವಾರವಾಗಿತ್ತು. ಮುತ್ತುಗದ ಮರಗಳು ಎಲೆ ಕಳಚಿ ಕೆಂಪಗೆ ಉರಿಯುತ್ತಿದ್ದವು. ನಾಗೇಂದ್ರನ ಗೂಡ್ಸ್ ಗಾಡಿಯ ತಗಡು ಮುಟ್ಟಿದರೆ ಸುಡುವಷ್ಟು ಬಿಸಿಲು. "ಇನ್ನೆಂತ ಚಳಿ? ಫ್ಯಾನ್ ತರ್ಬೇಕಿತ್ತು" ಎಂದು ನಾಗೇಂದ್ರ ನಕ್ಕಿದ್ದ. ಹೊತ್ತು ಇಳಿಯುತ್ತಲೇ ಗಾಳಿ ನೀರಿನ ಕಡೆಯಿಂದ ತಿರುಗಿತು. ಬಿಸಿಲಿಗೆ ಬಾಡಿದ ಹುಲ್ಲು ಒಮ್ಮೆಗೇ ತಣ್ಣಗಾಯಿತು, ಯಾರೋ ಮೇಲಿಂದ ಒದ್ದೆ ಬಟ್ಟೆ ಹೊದಿಸಿದ ಹಾಗೆ.

ನಾಗೇಂದ್ರನದು ಶಾಮಿಯಾನ ಹಾಕುವ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕಿನ ಮದುವೆ, ಗೃಹಪ್ರವೇಶ, ತಿಥಿಗಳ ಅಂಗಳ ಅವನಿಗೆ ಗೊತ್ತು. ಆನ್‌ಲೈನಿನಲ್ಲಿ ತರಿಸಿದ ಟೆಂಟು ಅಂಗೈಯಗಲದ ಚೀಲದಿಂದ ಹೊರಬಂದು ತಾನೇ ಕೊಡೆಯ ಹಾಗೆ ಬಿಚ್ಚಿಕೊಂಡಾಗ ಅವನಿಗೆ ಅವಮಾನವಾದಂತಾಯಿತು.

"ಇದಕ್ಕೆ ಕಂಬ ಎಲ್ಲಿ?"

"ಬೇಡ್ವಂತೆ."

"ಕಂಬ ಇಲ್ದಿದ್ದು ಎಂತ ಚಪ್ಪರನೇ ಇದು? ನನ್ನ ಕರ್ಚೀಫು ಇದಕ್ಕಿಂತ ಗಟ್ಟಿ."

ಪ್ರತಿಮಾ ಏರಿನ ಮೇಲಿನ ಜಾಗ ತೋರಿಸಿದ್ದಳು. ಅಲ್ಲಿ ಮರದ ಮರೆ ಇತ್ತು, ನೆಲ ಒಣಗಿತ್ತು. ಆದರೆ ನೆಲ ಸ್ವಲ್ಪ ಓರೆ. ಓರೆ ನೆಲದಲ್ಲಿ ಶಾಮಿಯಾನ ಹಾಕುವುದನ್ನು ನಾಗೇಂದ್ರ ಕನಸಿನಲ್ಲೂ ಒಪ್ಪುವವನಲ್ಲ. ನೀರು ಹಿಂದೆ ಸರಿದು ಬಿಟ್ಟುಕೊಟ್ಟ ಬಯಲು ಚಾಪೆ ಹಾಸಿದಷ್ಟು ಸಮ. ಅಲ್ಲೇ ಹಾಕಿದ. ಊರಿನ ಚಳಿಯೆಲ್ಲ ಇಳಿದು ಬಂದು ಕೂರುವ ಜಾಗ ಅದು. ಆಮೇಲೆ ಗಾಡಿಯಿಂದ ಟಾರ್ಪಾಲು ಇಳಿಸಿದ.

"ಅದೆಂತಕ್ಕೆ? ಟೆಂಟಿಗೆ ಮೇಲೊಂದು ಹೊದಿಕೆ ಇದೆಯಲ್ಲ?"

"ಅದು ಹೊದಿಕೆನಾ? ಅದರಲ್ಲಿ ಅಕ್ಕಿ ಜರಡಿ ಹಿಡೀಬಹುದು."

"ಟಾರ್ಪಾಲು ಮುಚ್ಚಿದ್ರೆ ಉಸಿರಾಡೋಕೆ ಎಂತ ಇರತ್ತೆ?"

"ಮಳೆ ಬಂದ್ರೆ?"

"ಈಗ ಎಲ್ಲಿ ಮಳೆ?"

ಅವಳು ಬಾಯಿ ಮುಚ್ಚುವ ಮೊದಲೇ ಮಳೆ ಬಂತು. ಬರೀ ನಾಲ್ಕು ಹನಿ, ದಪ್ಪ ದಪ್ಪ, ಅವಳು ಜೋಡಿಸಿಟ್ಟ ಸೌದೆಯ ಮೇಲೇ ಗುರಿಯಿಟ್ಟ ಹಾಗೆ. ಗಂಡನೂ ಅತ್ತೆಯೂ ಏಕಕಾಲಕ್ಕೆ "ಕಂಡ್ಯಾ!" ಎಂದರು. ಮಳೆ ತನ್ನ ಸಾಕ್ಷಿ ಹೇಳಿ ಮುಗಿಸಿ ಹೋಯಿತು. ಟಾರ್ಪಾಲು ನೆಲಮುಟ್ಟ ಇಳಿಯಿತು. ಬಾಗಿಲ ಕಡೆಯೊಂದನ್ನು ಬಿಟ್ಟು ಅದರ ಅಂಚಿಗೆ ನಾಗೇಂದ್ರ ಸುತ್ತಲೂ ಕಲ್ಲು ಹೇರಿದ. ಆಮೇಲಿನದು ಜಿಪ್ಪುಗಳ ಸರದಿ.

ಪ್ರತಿಮಾ ಬರಿಗೈಯಲ್ಲಿ ಬಂದವಳಲ್ಲ. ಎರಡು ವಾರದಿಂದ ಸಿದ್ಧತೆ ನಡೆಸಿದ್ದಳು. ಬಟ್ಟೆ ಬಂಡಲು ಬರುವ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ತಂದಿದ್ದಳು, ನೆಲದ ಶೀತ ಮೇಲೆ ಬರದಂತೆ ಜಮಖಾನದ ಕೆಳಗೆ ಹಾಸಲು. ಹಳೆಯ ಎರಡು ಹೊದಿಕೆಗಳನ್ನು ಸೇರಿಸಿ, ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು, ಮಗಳ ಅಳತೆಗೆ ಮಲಗುವ ಚೀಲ ಹೊಲಿದಿದ್ದಳು. ರಾತ್ರಿಗೆಂದೇ ಒಣಗಿದ ಕಾಲುಚೀಲ ಬೇರೆ ಕಟ್ಟಿಟ್ಟಿದ್ದಳು. ಅವಳ ಲೆಕ್ಕದಲ್ಲಿ ಬೆಚ್ಚಗಿರುವುದೆಂದರೆ ಒಳ್ಳೆಯ ರವಿಕೆಯ ಹಾಗೆ: ಮೈಗೆ ಕೂರಬೇಕು, ಬಿಗಿಯಬಾರದು. ಒಳಗಿನ ಬಟ್ಟೆ ಒಣಗಿರಬೇಕು, ಗಾಳಿಗೆ ಒಂದು ಸಂದು ಇರಬೇಕು.

ಊಟಕ್ಕೆ ಅಕ್ಕಿ ರೊಟ್ಟಿ, ಮನೆಯಿಂದಲೇ ತಂದದ್ದು. ಆರಿ ತೊಗಲಿನ ಹಾಗಾಗಿತ್ತು. ಬಿಸಿ ಮಾಡೋಣವೆಂದರೆ ಸೌದೆ ಹೊತ್ತದು. ನಾಗೇಂದ್ರ ಗಾಡಿಯಿಂದ ಒಂದಿಷ್ಟು ಡೀಸೆಲ್ ತಂದು ಸುರಿದ. ಬೆಂಕಿ ಭಗ್ಗೆಂದು ಎದ್ದು, ಕಪ್ಪು ಹೊಗೆ ಬಿಟ್ಟು, ರೊಟ್ಟಿಗೆಲ್ಲ ಪೆಟ್ರೋಲ್ ಬಂಕಿನ ವಾಸನೆ ಹಚ್ಚಿ ಕೂತಿತು.

"ತುಂಗಾ, ಈ ಕಡೆ ಬಾ, ಹೊಗೆ ಅಲ್ಲಿ ಹೋಗ್ತಿದೆ."

"ಬೆಂಕಿ ಹತ್ರ ಕೂತ್ಕೊ ಕೂಸೆ" ಎಂದರು ರಂಗಮ್ಮ.

"ಹೊಗೆ ಬೇಡ ಅಂದಿದಾರೆ ಡಾಕ್ಟ್ರು."

"ಡಾಕ್ಟ್ರು ಇಲ್ಲಿ ಬಂದು ಕೂರ್ಲಿ, ಆಗ ಗೊತ್ತಾಗ್ತದೆ."

ತುಂಗಾ ಒಮ್ಮೆ ಅಮ್ಮನ ಕಡೆ, ಒಮ್ಮೆ ಅಜ್ಜಿಯ ಕಡೆ ಸರಿಯುತ್ತ ಬೆಂಕಿಗೆ ಪ್ರದಕ್ಷಿಣೆ ಬಂದಂತೆ ಬಂದಳು. ರಂಗಮ್ಮ ಶುಂಠಿ ಕಷಾಯ ಕುಡಿಸಿದರು, ಕಾಳುಮೆಣಸು ಅಗಿಸಿದರು, ಹಣೆಗೆ ಲೇಪ ಹಚ್ಚಿದರು. ಆಮೇಲೆ ಮಗನ ಕಿವಿಗೂ ಹತ್ತಿ ತುರುಕಿದರು.

"ಅಮ್ಮ, ಬಾಣಂತಿ ಯಾರು ಇಲ್ಲಿ? ನಾನಾ?"

"ನಿನ್ನ ಹೊಟ್ಟೆ ನೋಡಿದ್ರೆ ಇನ್ನೂ ಆಗ್ಬೇಕು" ಎಂದರು ರಂಗಮ್ಮ. ತುಂಗಾ ಕಿಸಕ್ಕನೆ ನಕ್ಕಳು. ಪ್ರತಿಮಾಳಿಗೂ ನಗು ಬಂತು. ಆ ಒಂದು ಗಳಿಗೆ, ನೀರಿನ ಮೇಲಿನ ಕೊನೆಯ ಬೆಳಕಿನಲ್ಲಿ ನಾಲ್ವರೂ ನಗುತ್ತಿದ್ದಾಗ, ಇದು ಸರಿಹೋಗಬಹುದು ಎನ್ನಿಸಿತು.

ರಂಗಮ್ಮ ಎದ್ದು ಗಾಡಿಯ ಹತ್ತಿರ ಹೋಗಿ ಗೋಣಿಯಿಂದ ಏನೋ ತೆಗೆದರು. ಅದೇ ಅಗ್ಗಿಷ್ಟಿಕೆ. ಪ್ರತಿಮಾಳ ನಗು ಅಲ್ಲೇ ನಿಂತಿತು.

"ಅತ್ತೆ, ಅದು ಒಳಗೆ ಬೇಡ."

"ಮೂಲೇಲಿ ಇಡ್ತೀನಿ. ಯಾರಿಗೂ ತಾಗಲ್ಲ."

"ತಾಗೋದಲ್ಲ. ಹೊಗೆ. ಸುತ್ತ ಟಾರ್ಪಾಲು, ಎಲ್ಲ ಕಿಟಕಿ ಮುಚ್ಚಿದೀರಿ, ಒಳಗೆ ಕೆಂಡ ಇಟ್ರೆ ನಾಲ್ಕು ಜನಾನೂ ಬೆಳಗ್ಗೆ ಏಳಲ್ಲ."

"ನಲವತ್ತು ವರ್ಷ ಇಟ್ಟಿದೀನಿ. ಯಾರು ಏಳ್ಲಿಲ್ಲ, ಹೇಳು? ನೀನು ಏಳ್ಲಿಲ್ವಾ?"

ಪ್ರತಿಮಾ ಗಂಡನ ಮುಖ ನೋಡಿದಳು. ಅವನು ಕಿವಿಯ ಹತ್ತಿಯನ್ನು ಇನ್ನಷ್ಟು ಒಳಗೆ ಒತ್ತಿಕೊಂಡ. "ಸ್ವಲ್ಪ ಹೊತ್ತು ಇಟ್ಟು ತೆಗೆದ್ರೆ…" ಎಂದು ಶುರು ಮಾಡಿದವನು ಹೆಂಡತಿಯ ಕಣ್ಣು ಕಂಡು, "ಬೇಡ ಬಿಡು ಅಮ್ಮ" ಎಂದು ಮುಗಿಸಿದ. ರಂಗಮ್ಮ ಅಗ್ಗಿಷ್ಟಿಕೆಯನ್ನು ಟೆಂಟಿನ ಬಾಗಿಲಿನ ಹೊರಗಿಟ್ಟರು. ಇಟ್ಟ ರೀತಿಯಲ್ಲಿ ಮುನಿಸಿತ್ತು.

ಮಲಗುವ ಮುಂಚೆ ಪ್ರತಿಮಾ ಮಗಳ ಮೈಮೇಲಿನ ಒಂದೊಂದೇ ಪದರ ಕಳಚಿ, ಒಳಗಿನ ಬೆವರು ಒರೆಸಿ, ಒಣಗಿದ ಅಂಗಿ ಹಾಕಿ ಚೀಲದೊಳಗೆ ಸೇರಿಸಿದಳು. ಬಾಗಿಲ ಪಕ್ಕದ ಕಿಟಕಿಯ ಜಿಪ್ಪನ್ನು ಅಂಗೈಯಗಲ ಇಳಿಸಿದಳು. ಇನ್ಹೇಲರನ್ನು ತಲೆದಿಂಬಿನ ಕೆಳಗಿಟ್ಟಳು. ದಿನವಿಡೀ ವಾದಿಸಿದ ಸುಸ್ತು ಅವಳನ್ನು ಬಾವಿಗೆ ಬಿಟ್ಟ ಕೊಡದ ಹಾಗೆ ಒಳಗೆ ಎಳೆದುಕೊಂಡಿತು.

ಎಚ್ಚರವಾದದ್ದು ಹಣೆಯ ಮೇಲೆ ಬಿದ್ದ ಹನಿಗೆ. ಮಳೆಯಲ್ಲ. ಟೆಂಟಿನ ಮಾಡೇ ಬೆವರಿತ್ತು. ನಾಲ್ಕು ಜನರ ಉಸಿರು ಹೊರಹೋಗಲು ದಾರಿಯಿಲ್ಲದೆ ಮೇಲೇರಿ, ತಣ್ಣನೆಯ ಟಾರ್ಪಾಲಿಗೆ ತಾಗಿ, ನೀರಾಗಿ ವಾಪಸ್ ಇಳಿಯುತ್ತಿತ್ತು. ಹೊದಿಕೆ ಒದ್ದೆ, ಜಮಖಾನ ಒದ್ದೆ. ತಲೆ ಕಲ್ಲಿನಂತೆ ಭಾರ. ಮೂಗಿಗೆ ಬಾಣಂತಿ ಕೋಣೆಯ ವಾಸನೆ: ಸಾಂಬ್ರಾಣಿ, ಓಮ, ಸುಟ್ಟ ಸಿಪ್ಪೆ. ಕಾಲ ಬಳಿಯ ಮೂಲೆಯಲ್ಲಿ ಕೆಂಪಗೆ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು.

ಆಮೇಲೆ ಕೇಳಿದ್ದು ಮಗಳ ಎದೆಯ ಸದ್ದು. ಸಣ್ಣಗೆ, ಎಳೆಎಳೆಯಾಗಿ, ದೂರದಲ್ಲಿ ಯಾರೋ ಸೀಟಿ ಊದಿದಂತೆ.

ಪ್ರತಿಮಾ ಬಾಗಿಲ ಕಡೆ ತೆವಳಿದಳು. ಬಾಗಿಲ ಜಿಪ್ ಬಟ್ಟೆ ಕಚ್ಚಿ ನಿಂತಿತ್ತು; ಎರಡು ಬೆರಳಲ್ಲಿ ಬಟ್ಟೆ ಬಿಡಿಸಿ ಎಳೆದಳು. ಅಗ್ಗಿಷ್ಟಿಕೆಯನ್ನು ಸೆರಗಿನಲ್ಲಿ ಹಿಡಿದು ಹೊರಗೆ ಎಸೆದಳು. ಕಿಡಿಗಳು ಒದ್ದೆ ಹುಲ್ಲಿನ ಮೇಲೆ ಚುರ್ರೆಂದು ಸತ್ತವು. "ಎದ್ದೇಳ್ರಿ, ಎಲ್ಲ ಹೊರಗೆ ಬನ್ನಿ!" ಎಂದು ಗಂಡನ ಭುಜ ಅಲುಗಾಡಿಸಿ, ಮಗಳನ್ನು ಚೀಲ ಸಮೇತ ಎತ್ತಿಕೊಂಡು ಹೊರಗೆ ನಡೆದಳು. ಏರಿನ ಮರದ ಬುಡದಲ್ಲಿ ಕೂರಿಸಿ, ಇನ್ಹೇಲರ್ ಬಾಯಿಗಿಟ್ಟಳು. "ಉಸಿರು ಬಿಡು. ಈಗ ಎಳ್ಕೊ. ಹಿಡ್ಕೊ."

ಬೆಳಕು ಹರಿಯುವ ಮುಂಚಿನ ಗಾಳಿ ಕತ್ತರಿಯ ಅಲಗಿನಷ್ಟು ತಣ್ಣಗಿತ್ತು. ನೀರಿನ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಪ್ರತಿಮಾ ತನ್ನ ಶಾಲನ್ನು ಮಗಳ ಕುತ್ತಿಗೆಗೆ ಸುತ್ತಿದಳು; ಮೂಗು ಬಾಯಿ ಬಿಟ್ಟಳು. ಗಂಡನೂ ಅತ್ತೆಯೂ ಕೆಮ್ಮುತ್ತ ಟೆಂಟಿನಿಂದ ಹೊರಬಂದದ್ದು ಕಂಡು, ಕಾಯುತ್ತ ಕೂತಳು. ಸೀಟಿಯ ಸದ್ದು ಒಂದೊಂದೇ ಎಳೆ ಕಳಚಿಕೊಂಡಿತು. ಮಂಜಿನೊಳಗೆ ಎಲ್ಲೋ ಒಂದು ನೀರುಹಕ್ಕಿ ರೆಕ್ಕೆ ಬಡಿಯಿತು. ತುಂಗಾ ತಲೆಯೆತ್ತಿ ಅತ್ತ ನೋಡಿದಳು.

"ಅಮ್ಮ, ಇಲ್ಲಿ ಚೆನ್ನಾಗಿದೆ."

"ಚಳಿ ಆಗ್ತಿಲ್ವಾ?"

"ಆಗ್ತಿದೆ. ಆದ್ರೂ ಚೆನ್ನಾಗಿದೆ."

ಪ್ರತಿಮಾಳಿಗೆ ಕಣ್ಣು ತುಂಬಿ ಬಂತು, ಅದೂ ಸಿಟ್ಟಿಗೇ ಬಂತು. ಇಡೀ ಊರಿನ ಬೆಚ್ಚಗಿನದೆಲ್ಲ ಸೇರಿ ಕೂಸಿನ ಉಸಿರು ಕಟ್ಟಿಸಿತ್ತು. ಈಗ ಬರೀ ಚಳಿ ಅದನ್ನು ಬಿಡಿಸಿಕೊಟ್ಟಿತ್ತು. ಇದನ್ನು ಯಾರಿಗೆ ಹೇಳಿದರೆ ನಂಬುತ್ತಾರೆ?

ಬಿಸಿಲು ಬಂದ ಮೇಲೆ ವಿಚಾರಣೆ ಶುರುವಾಯಿತು. ನಾಗೇಂದ್ರ ಒದ್ದೆ ಜಮಖಾನವನ್ನು ಗಾಡಿಯ ಮೇಲೆ ಒಣಹಾಕಿ, ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದ. ಈಗ ಸೌದೆ ಚೆನ್ನಾಗಿ ಉರಿಯುತ್ತಿತ್ತು. ರಂಗಮ್ಮ ಕಾಫಿಗೆ ನೀರಿಟ್ಟಿದ್ದರು. ತುಂಗಾ ರೊಟ್ಟಿಯನ್ನು ಕೋಲಿಗೆ ಸಿಕ್ಕಿಸಿ ಕೆಂಡದಿಂದ ದೂರ ಹಿಡಿದು ಕಾಯಿಸುತ್ತ, ಮೈಮೇಲೆ ಒಂದೇ ಸ್ವೆಟರಿನಲ್ಲಿ, ರಾತ್ರಿ ಏನೂ ಆಗಿಲ್ಲವೆಂಬಂತೆ ಕೂತಿದ್ದಳು.

"ನಾ ಹೇಳ್ಲಿಲ್ವಾ?" ಎಂದರು ರಂಗಮ್ಮ. "ಥಂಡಿ ಎದೆಗೆ ಹೋತು."

"ಥಂಡಿ ಅಲ್ಲ ಅತ್ತೆ, ಹೊಗೆ. ಬೇಡ ಅಂದ ಮೇಲೂ ಯಾಕೆ ಒಳಗೆ ತಂದ್ರಿ?"

"ಎಚ್ಚರಾದಾಗ ಕೂಸಿನ ಕಾಲು ಮುಟ್ಟಿ ನೋಡ್ದೆ. ಮಂಜುಗಡ್ಡೆ ಹಾಗಿತ್ತು. ನೋಡ್ಕಂಡು ಸುಮ್ನೆ ಮಲಗ್ಲಾ ನಾನು?"

"ಮಾಡಿಂದ ನೀರು ತೊಟ್ಟಿಕ್ಕಿ ಚೀಲ ಒದ್ದೆ ಆಗಿತ್ತು. ಒದ್ದೆ ಆದ್ರೆ ಕಾಲು ತಣ್ಣಗಾಗದೆ ಇರತ್ತಾ? ಕಿಟಕಿ ನಾನು ಬಿಟ್ಟಿದ್ದೆ. ಅದನ್ನ ಯಾರು ಮುಚ್ಚಿದ್ದು?"

ನಾಗೇಂದ್ರ ಮೆಲ್ಲಗೆ, "ಅದು ನಾನು. ಗಾಳಿ ಸೀದಾ ಬೋಳು ತಲೆಗೇ ಹೊಡೀತಿತ್ತು" ಎಂದ.

"ಒಬ್ರಾದ ಮೇಲೆ ಒಬ್ರು!"

"ಹೋಗ್ಲಿ ಬಿಡು. ಕಾರಣ ಎಂತದೇ ಇರ್ಲಿ" ಎಂದು ನಾಗೇಂದ್ರ ಹಣೆಯ ಬಟ್ಟೆ ಸರಿಮಾಡಿಕೊಂಡ. "ದಮ್ಮು ಬಂತಾ, ಇಲ್ವಾ? ಅಷ್ಟು ಹೇಳು."

"ಬಂತು."

"ಮತ್ತೆ? ಮಾತು ಅಂದ್ರೆ ಮಾತು."

"ಶಿಬಿರಕ್ಕೆ ನೀವಿಬ್ರೂ ಹೋಗ್ತೀರಾ? ಅಲ್ಲಿ ಟಾರ್ಪಾಲು ಮುಚ್ಚಿ, ಕೆಂಡ ಹಾಕೋರು ಯಾರಿದಾರೆ?"

"ಅದೇ ನಾ ಹೇಳೋದು!" ಎಂದರು ರಂಗಮ್ಮ. "ಅಲ್ಲಿ ಕೆಂಡ ಹಾಕೋರು ಯಾರಿದಾರೆ?"

ಪ್ರತಿಮಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಇಬ್ಬರೂ ಒಂದೇ ಮಾತು ಆಡಿದ್ದರು. ಒಂದೇ ಮಾತು ಎರಡು ಗೋಡೆಯಾಗಿ ನಿಂತಿತ್ತು.

"ಅಜ್ಜಿ, ನಾನು ಆರಾಮಿದೀನಿ ಈಗ" ಎಂದಳು ತುಂಗಾ.

"ನೀ ಸುಮ್ನಿರು." ರಂಗಮ್ಮ ಸೊಸೆಯ ಕಡೆ ತಿರುಗಿದರು. ದನಿ ಇಳಿದಿತ್ತು. "ನೀನು ಸ್ಕೂಲು ಶುರುವಾಗೋ ಹೊತ್ತು ಬಂತು ಅಂದ್ರೆ ಯೂನಿಫಾರ್ಮ್ ಹೊಲಿಯೋಕೆ ರಾತ್ರಿಯೆಲ್ಲ ಮಿಷನ್ ತುಳೀತಿದ್ದೆ. ತಪ್ಪು ಅನ್ನಲ್ಲ, ಮನೆಗೆ ಬೇಕಿತ್ತು. ಆಗ ಇದನ್ನ ಎದೆ ಮೇಲೆ ಹಾಕ್ಕಂಡು ಗೋಡೆಗೆ ಒರಗಿ ಕೂತಿದ್ದೋಳು ನಾನು. ಆ ಸೀಟಿ ಹೊಡೆಯೋ ಶಬ್ದ ಇದೆಯಲ್ಲ, ಅದು ನನ್ನ ಕಿವೀಲಿ ಕೂತಿದೆ. ನಿನ್ನ ಕಿವೀಲಿ ಮಿಷನ್ ಶಬ್ದ ಇತ್ತು."

ಇದು ನಿಜವಾಗಿತ್ತು. ಅತ್ತೆಯ ಒರಟು ಬೆರಳುಗಳು ಕಾಫಿ ಪಾತ್ರೆಯ ಅಂಚನ್ನು ಬಟ್ಟೆಯಿಲ್ಲದೆ ಹಿಡಿದಿದ್ದವು. ಬಿಸಿ ಅವರಿಗೆ ತಾಗುವುದೇ ನಿಂತು ಎಷ್ಟೋ ವರ್ಷವಾಗಿತ್ತು. ಅವರು ಹೆದರಿದ್ದಾರೆ ಎಂಬುದು ಪ್ರತಿಮಾಳಿಗೆ ಅರ್ಥವಾಯಿತು. ಅರ್ಥವಾದದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ. ಇಳಿಸುವ ಜಾಗವಿಲ್ಲದೆ ಇನ್ನೂ ಭಾರವಾಯಿತು.

"ನೀವು ಕೂತಿದ್ರಿ ಅತ್ತೆ. ನಾನು ಮರ್ತಿಲ್ಲ" ಎಂದಳು. "ಆದ್ರೆ ಅವ್ಳು ಎದೆ ಮೇಲೆ ಮಲಗೋ ಕೂಸಲ್ಲ ಈಗ. ನಿನ್ನೆ ರಾತ್ರಿ ಅವ್ಳಿಗೆ ಬೇಕಿದ್ದದ್ದು ಒಂದು ಕಿಟಕಿ. ಅದೊಂದು ಕೊಡೋಕಾಗ್ಲಿಲ್ಲ ನಮ್ಮ ಕೈಲಿ."

"ಕಿಟಕಿ, ಕಿಟಕಿ!" ರಂಗಮ್ಮ ಕಾಫಿ ಸೋಸತೊಡಗಿದರು. "ಹುಷಾರು ತಪ್ಪಿದ್ರೆ ನಿನ್ನ ಕಿಟಕಿ ಬಂದು ಎದೆ ತಿಕ್ತದಾ?"

"ಜಗಳ ಬೇಡ" ಎಂದ ನಾಗೇಂದ್ರ. ಪೆಂಡಾಲಿನಲ್ಲಿ ಎರಡು ಕಡೆಯ ಬೀಗರನ್ನು ಸಮಾಧಾನ ಮಾಡುವಾಗಿನ ದನಿ ಅದು. "ನಾವು ಮನೆಗೆ ಹೋದ್ಮೇಲೆ ಟೀಚರಿಗೆ ಫೋನ್ ಮಾಡಿ ಬರಲ್ಲ ಅಂದ್ರಾತು. ಇಲ್ಲಿ ನೆಟ್‌ವರ್ಕೂ ಇಲ್ಲ, ಹೇರಂಬನ ಗೇಟಿನ ಹತ್ರ ಹೋದ್ರೆ ಮಾತ್ರ ಸಿಗೋದು. ಅವ್ಳೇನು ಇದೇ ವರ್ಷ ಹೋಗ್ಬೇಕು ಅಂತ ಇಲ್ಲ. ಇನ್ನೂ ಸಣ್ಣೋಳು. ಒಂಚೂರು ಗಟ್ಟಿಯಾಗ್ಲಿ. ಮುಂದಿನ ವರ್ಷ ನೋಡೋಣ."

ತುಂಗಾ ಕೋಲಿನಿಂದ ರೊಟ್ಟಿ ಬಿಡಿಸುತ್ತಿದ್ದವಳು ಬಿಡಿಸುವುದನ್ನು ನಿಲ್ಲಿಸಿದಳು. ಅಳಲಿಲ್ಲ, ಹಟ ಮಾಡಲಿಲ್ಲ. ಸುಮ್ಮನೆ ತಲೆ ತಗ್ಗಿಸಿ, ರೊಟ್ಟಿಯನ್ನು ಎರಡು ಭಾಗ ಮಾಡಿ, ದೊಡ್ಡದನ್ನು ಅಜ್ಜಿಯ ತಟ್ಟೆಗೆ ಹಾಕಿದಳು. ಅಷ್ಟು ಬೇಗ, ಅಷ್ಟು ಸಲೀಸಾಗಿ ಒಪ್ಪಿಕೊಂಡ ಆ ಬಗ್ಗಿದ ಕತ್ತನ್ನು ಪ್ರತಿಮಾ ನೋಡಿದಳು.

ಅವಳು ಎದ್ದಳು. ಗಾಡಿಯ ಸೀಟಿನ ಮೇಲಿದ್ದ ಫೋನು ಎತ್ತಿಕೊಂಡಳು.

"ಎಲ್ಲಿಗೆ ಹೊರಟೆ?" ಎಂದರು ರಂಗಮ್ಮ. "ಕಾಫಿ ಆರ್ತದೆ."

"ಹೋಯ್, ನಾ ಹೇಳೋದು ಪೂರ್ತಿ ಕೇಳು ಮಾರಾಯ್ತಿ" ಎಂದ ನಾಗೇಂದ್ರ. "ನಾನು ಬೇಡ ಅಂತ ಎಲ್ಲಿ ಅಂದೆ? ಮುಂದಿನ ವರ್ಷ ಅಂದ್ರೆ ನಾನೇ ಖುದ್ದು ಗಾಡೀಲಿ ಬಿಟ್ಟು ಬರ್ತೀನಿ. ಡಾಕ್ಟ್ರ ಹತ್ರ ಇನ್ನೊಂದ್ಸಲ ಕೇಳೋಣ, 'ಹೂಂ' ಅಂದ್ರೆ ಅಮ್ಮನ್ನೂ ಒಪ್ಪಿಸ್ತೀನಿ, ಏನಮ್ಮ, ಒಪ್ತೀಯಲ್ಲ…"

ಇಬ್ಬನಿಯ ಹುಲ್ಲಿನಲ್ಲಿ ಚಪ್ಪಲಿ ಜಾರುತ್ತಿತ್ತು. ಪ್ರತಿಮಾ ಅದನ್ನು ಕಳಚಿ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಎತ್ತಿ ಹಿಡಿದು, ಹೇರಂಬನ ಗೇಟಿನ ಕಡೆಗೆ ಏರು ಹತ್ತತೊಡಗಿದಳು.